ಒಂದು ಪೌಂಡ್ ದುಡಿದರೆ ಕೈಗೆ ಎಷ್ಟು? ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್ ಮತ್ತು ಆದಾಯ ನೋಡಿ ಕೊಡುವ ನೆರವಿನ ಲೆಕ್ಕ

ಸರ್ಕಾರವೊಂದು ಜನರ ಕೈಗೆ ನೇರವಾಗಿ ಹಣ ಕೊಡಬೇಕೆಂದರೆ ಅದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಇಷ್ಟು ವಯಸ್ಸಾದವರಿಗೆ, ಮಕ್ಕಳಿರುವವರಿಗೆ ಎಂದು ಅವರ ಆಸ್ತಿಪಾಸ್ತಿ ಕೇಳದೆ ಎಲ್ಲರಿಗೂ ಕೊಡುವುದು ಮೊದಲನೆಯದು. ದುಡಿಯುವ ಕಾಲದಲ್ಲಿ ವಂತಿಗೆ ಕಟ್ಟಿಸಿಕೊಂಡು, ಕೆಲಸ ಹೋದಾಗಲೋ ಕಾಯಿಲೆ ಬಿದ್ದಾಗಲೋ ವಿಮೆಯಂತೆ ಕೊಡುವುದು ಎರಡನೆಯದು. ಮನೆಯ ಆದಾಯ ಮತ್ತು ಉಳಿತಾಯಗಳನ್ನು ಲೆಕ್ಕ ಹಾಕಿ, ಒಂದು ಮಟ್ಟಕ್ಕಿಂತ ಕೆಳಗಿರುವವರಿಗೆ ಮಾತ್ರ ಕೊಡುವುದು ಮೂರನೆಯದು. ಈ ಲೇಖನದ ವಿಷಯ ಮೂರನೆಯದು. ನಿಜವಾಗಿ ಬೇಕಾದವರಿಗೆ ಮಾತ್ರ ಹಣ ಹೋಗುವುದರಿಂದ ಇದು ನ್ಯಾಯವೂ ಹೌದು, ಖಜಾನೆಗೆ ಹಗುರವೂ ಹೌದು ಎಂದು ಹೊರನೋಟಕ್ಕೆ ಅನ್ನಿಸುತ್ತದೆ. ಆದರೆ ಆದಾಯ ಎಂದರೆ ಯಾರ ಆದಾಯ, ಯಾವ ಅವಧಿಯ ಆದಾಯ, ಅದು ಹೆಚ್ಚಾದಾಗ ನೆರವು ಎಷ್ಟು ಬೇಗ ಇಳಿಯಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಬರೆಯಲು ಕುಳಿತಾಗ ಈ ದಾರಿಯ ಕಷ್ಟಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.

ಈ ಕಷ್ಟಗಳನ್ನು ಅರ್ಥ ಮಾಡಿಕೊಳ್ಳಲು ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಅಪರೂಪ. 2012ರ ಕಲ್ಯಾಣ ಸುಧಾರಣಾ ಕಾಯ್ದೆಯ ಮೂಲಕ ಆ ದೇಶ, ದುಡಿಯುವ ವಯಸ್ಸಿನವರಿಗೆ ಆದಾಯ ನೋಡಿ ಕೊಡುತ್ತಿದ್ದ ಆರು ಬೇರೆ ಬೇರೆ ನೆರವುಗಳನ್ನು ಒಂದೇ ತಿಂಗಳ ಪಾವತಿಯಾಗಿ ಕೂಡಿಸಲು ಹೊರಟಿತು. 2017ರ ಹೊತ್ತಿಗೆ ಮುಗಿಯಬೇಕಿದ್ದ ಕೆಲಸ ಇನ್ನೂ ಎಂಟು ವರ್ಷಕ್ಕಿಂತ ಹೆಚ್ಚು ಕಾಲ ಎಳೆಯಿತು. ಈಗ ಸುಮಾರು 80 ಲಕ್ಷ ಜನ ಇದರಡಿ ಇದ್ದಾರೆ, ಮತ್ತು ಅವರಲ್ಲಿ ಮೂರನೇ ಒಂದರಷ್ಟು ಮಂದಿ ಕೆಲಸದಲ್ಲಿರುವವರೇ. ಈ ಸುಧಾರಣೆಯನ್ನು ಹೊಗಳುವವರೂ ತೆಗಳುವವರೂ ಸಾಮಾನ್ಯವಾಗಿ ಹಣದ ಮೊತ್ತದ ಬಗ್ಗೆ ಮಾತನಾಡುತ್ತಾರೆ. ನನ್ನ ಮಟ್ಟಿಗೆ, ಅದು ಗೆದ್ದದ್ದು ದರದ ಲೆಕ್ಕದಲ್ಲಿ, ಎಡವಿದ್ದು ದಿನಾಂಕದ ಲೆಕ್ಕದಲ್ಲಿ. ಎರಡನ್ನೂ ಬಿಡಿಸಿ ನೋಡಬೇಕು.

ಮೊದಲು ಸ್ವಲ್ಪ ಹಿಂದಿನ ಕಥೆ. ಬ್ರಿಟನ್ನಿನಲ್ಲಿ ಆದಾಯ ಪರಿಶೀಲನೆ ಎಂಬ ಮಾತಿಗೆ 1930ರ ದಶಕದ ಕಹಿ ನೆನಪು ಅಂಟಿಕೊಂಡಿದೆ. ಆರ್ಥಿಕ ಕುಸಿತದ ನಡುವೆ 1931ರಲ್ಲಿ ಸರ್ಕಾರ, ವಿಮೆಯ ಅವಧಿ ಮುಗಿದ ನಿರುದ್ಯೋಗಿಗಳಿಗೆ ಭತ್ಯೆ ಮುಂದುವರಿಸುವ ಮೊದಲು ಇಡೀ ಮನೆಯ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ನಿಯಮ ತಂದಿತು. ಅಧಿಕಾರಿಗಳು ಮನೆಯೊಳಗೆ ಬಂದು ಸಾಮಾನುಗಳನ್ನು ಎಣಿಸುತ್ತಿದ್ದರು. ಮಗನೋ ಮಗಳೋ ನಾಲ್ಕು ಕಾಸು ದುಡಿದರೆ ಅಪ್ಪನ ಭತ್ಯೆ ಅಷ್ಟಕ್ಕೆ ಇಳಿಯುತ್ತಿತ್ತು, ಅದನ್ನು ತಪ್ಪಿಸಲು ದುಡಿಯುವ ಮಕ್ಕಳು ಮನೆ ಬಿಟ್ಟು ಹೋದ ಕುಟುಂಬಗಳಿದ್ದವು. ಈ ನಿಯಮವನ್ನು 1941ರಲ್ಲಿ ಬಹುಮಟ್ಟಿಗೆ ಸಡಿಲಿಸಲಾಯಿತು. ಮರುವರ್ಷ, ಅಂದರೆ 1942ರ ಡಿಸೆಂಬರ್‌ನಲ್ಲಿ ಹೊರಬಂದ ಅರ್ಥಶಾಸ್ತ್ರಜ್ಞ ವಿಲಿಯಂ ಬೆವರಿಜ್ ಅವರ ವರದಿ ಎರಡನೆಯ ದಾರಿಯನ್ನು, ಅಂದರೆ ಎಲ್ಲರೂ ವಂತಿಗೆ ಕಟ್ಟಿ ಎಲ್ಲರೂ ಹಕ್ಕಿನಿಂದ ಪಡೆಯುವ ವಿಮೆಯನ್ನು, ವ್ಯವಸ್ಥೆಯ ಬೆನ್ನೆಲುಬಾಗಿ ಮಾಡಿತು. ಆದಾಯ ನೋಡಿ ಕೊಡುವ ನೆರವು ಕೆಲವೇ ಕೆಲವರಿಗೆ ಉಳಿದು, ಕಾಲಕ್ರಮದಲ್ಲಿ ಕುಗ್ಗುತ್ತದೆ ಎಂಬುದು ಅವರ ಎಣಿಕೆಯಾಗಿತ್ತು.

ಆದದ್ದು ಇದಕ್ಕೆ ತಿರುಗಾಮುರುಗಾ. 1948ರ ಜುಲೈ 5ರಂದು ಹೊಸ ವ್ಯವಸ್ಥೆ ಆರಂಭವಾದಾಗಲೇ ವಿಮೆಯ ಭತ್ಯೆ ಬಾಡಿಗೆಯ ಖರ್ಚಿಗೆ ಸಾಲುತ್ತಿರಲಿಲ್ಲವಾದ್ದರಿಂದ, ಅದರ ಮೇಲೆ ಆದಾಯ ನೋಡಿ ಕೊಡುವ ನೆರವನ್ನೂ ಹಲವರು ಕೇಳಬೇಕಾಯಿತು. 1966ರಲ್ಲಿ ಆ ನೆರವಿನ ಹೆಸರು ಬದಲಾಯಿತು. 1971ರಲ್ಲಿ ಕೆಲಸವಿದ್ದೂ ಕೂಲಿ ಸಾಲದ ಕುಟುಂಬಗಳಿಗೆ ಬೇರೊಂದು ನೆರವು ಸೇರಿಕೊಂಡಿತು. 1988ರಲ್ಲಿ ಮತ್ತೊಂದು ಸುಧಾರಣೆ ಬಂತು, 2003ರಲ್ಲಿ ಮಕ್ಕಳಿಗೊಂದು ದುಡಿಮೆಗೊಂದು ಎಂದು ಎರಡು ತೆರಿಗೆ ಕ್ರೆಡಿಟ್‌ಗಳು, ಅಂದರೆ ತೆರಿಗೆ ಇಲಾಖೆಯ ಮೂಲಕ ಕೊಡುವ ನೆರವುಗಳು, ಬಂದವು. ಪ್ರತಿ ಸರ್ಕಾರವೂ ತನಗೆ ಕಂಡ ಕೊರತೆಗೆ ಒಂದು ತೇಪೆ ಹಾಕಿತು. ಪ್ರತಿ ತೇಪೆಗೂ ಅದರದೇ ಕಚೇರಿ, ಅದರದೇ ಅರ್ಜಿ, ಅದರದೇ ಕಡಿತದ ದರ.

ಕಡಿತದ ದರ ಎಂಬುದು ಈ ಇಡೀ ವಿಷಯದ ಕೀಲಿಯಾದ್ದರಿಂದ ಅಲ್ಲಿ ಸ್ವಲ್ಪ ನಿಲ್ಲೋಣ. ಏನೂ ಆದಾಯವಿಲ್ಲದ ಮನೆಗೆ ತಿಂಗಳಿಗೆ 1,000 ಪೌಂಡ್ ಕೊಡಬೇಕೆಂದು ಸರ್ಕಾರ ತೀರ್ಮಾನಿಸಿತು ಎಂದುಕೊಳ್ಳಿ. ಆ ಮನೆಯವರು 100 ಪೌಂಡ್ ದುಡಿದಾಗ ನೆರವಿನಲ್ಲಿ ಪೂರ್ತಿ 100 ಪೌಂಡ್ ಮುರಿದುಕೊಂಡರೆ, 1,000 ಪೌಂಡ್ ದುಡಿಯುವವರೆಗೆ ಅವರ ಕೈಗೆ ಒಂದು ಪೆನ್ನಿಯೂ ಹೆಚ್ಚು ಬರುವುದಿಲ್ಲ, ದುಡಿದೂ ದುಡಿಯದ ಹಾಗೆ. ಅರ್ಧ ಮಾತ್ರ ಮುರಿದುಕೊಂಡರೆ ದುಡಿಮೆಗೆ ಫಲ ಉಂಟು, ಆದರೆ ಆಗ ನೆರವು 2,000 ಪೌಂಡ್ ಆದಾಯದವರೆಗೂ ಹಬ್ಬುತ್ತದೆ. ಕಾಲು ಭಾಗ ಮುರಿದರೆ 4,000 ಪೌಂಡ್‌ವರೆಗೆ ಹಬ್ಬುತ್ತದೆ. ಅಷ್ಟರಲ್ಲಿ ಮಧ್ಯಮ ವರ್ಗದ ದೊಡ್ಡ ಪಾಲು ನೆರವಿನ ಪಟ್ಟಿಗೆ ಸೇರಿ ಖಜಾನೆಯ ಹೊರೆ ಬೆಟ್ಟದಷ್ಟಾಗುತ್ತದೆ. ಕೆಳಗಿನವರಿಗೆ ಸಾಕಷ್ಟು ಕೊಡುವುದು, ದುಡಿಮೆಗೆ ಫಲ ಉಳಿಸುವುದು, ಒಟ್ಟು ಖರ್ಚನ್ನು ಹಿಡಿತದಲ್ಲಿಡುವುದು ಎಂಬ ಮೂರರಲ್ಲಿ ಎರಡನ್ನು ಹಿಡಿದರೆ ಮೂರನೆಯದು ಕೈಜಾರುತ್ತದೆ. ಯಾವ ಸುಧಾರಣೆಯೂ ಈ ಗಣಿತವನ್ನು ರದ್ದು ಮಾಡಲಾರದು, ನಷ್ಟ ಎಲ್ಲಿ ಬೀಳಬೇಕೆಂದು ಮಾತ್ರ ಆರಿಸಿಕೊಳ್ಳಬಹುದು.

ಒಂದೇ ನೆರವಿದ್ದಾಗ ಈ ಆಯ್ಕೆಯನ್ನು ತಿಳಿದೇ ಮಾಡಬಹುದು. ನೆರವುಗಳು ಒಂದರ ಮೇಲೊಂದು ಬಿದ್ದಾಗ ಯಾರೂ ಆರಿಸದ ಫಲಿತಾಂಶವೊಂದು ಹುಟ್ಟಿಕೊಳ್ಳುತ್ತದೆ. 2010ರ ಬ್ರಿಟನ್ನಿನಲ್ಲಿ ಬಾಡಿಗೆ ಮನೆಯಲ್ಲಿದ್ದು, ಕಡಿಮೆ ಸಂಬಳದ ಕೆಲಸ ಮಾಡುತ್ತ, ಎಲ್ಲ ನೆರವುಗಳನ್ನೂ ಪಡೆಯುತ್ತಿದ್ದ ತಾಯಿಯೊಬ್ಬಳು ಒಂದು ಪೌಂಡ್, ಅಂದರೆ 100 ಪೆನ್ಸ್, ಹೆಚ್ಚು ದುಡಿದಳು ಎನ್ನೋಣ. ಆದಾಯ ತೆರಿಗೆಗೆ 20 ಪೆನ್ಸ್ ಹೋಯಿತು, ರಾಷ್ಟ್ರೀಯ ವಿಮೆಯ ವಂತಿಗೆಗೆ 11 ಪೆನ್ಸ್ ಹೋಯಿತು, ತೆರಿಗೆ ಕ್ರೆಡಿಟ್‌ನಲ್ಲಿ 39 ಪೆನ್ಸ್ ಕಡಿತವಾಯಿತು. ಉಳಿದದ್ದು 30 ಪೆನ್ಸ್. ಅದನ್ನು ನೋಡಿದ ಬಾಡಿಗೆ ನೆರವಿನ ಕಚೇರಿ ಅದರ ಶೇ. 65ರಷ್ಟನ್ನು, ಅಂದರೆ ಹತ್ತೊಂಬತ್ತೂವರೆ ಪೆನ್ಸನ್ನು ಮುರಿದುಕೊಂಡಿತು, ಸ್ಥಳೀಯ ತೆರಿಗೆಯ ರಿಯಾಯಿತಿಯಲ್ಲಿ ಶೇ. 20ರಂತೆ ಇನ್ನು 6 ಪೆನ್ಸ್ ಇಳಿಯಿತು. ಕೊನೆಗೆ ಅವಳ ಕೈಯಲ್ಲಿ ನಿಂತದ್ದು ನಾಲ್ಕೂವರೆ ಪೆನ್ಸ್. ಶೇ. 95.5ರಷ್ಟು ತೆರಿಗೆಯನ್ನು ಯಾವ ಕೋಟ್ಯಧೀಶ್ವರನ ಮೇಲೂ ಆಗ ಹಾಕುತ್ತಿರಲಿಲ್ಲ. ಇದಕ್ಕೆ ಬ್ರಿಟನ್ನಿನಲ್ಲಿ ಬಡತನದ ಬೋನು ಎಂಬ ಅರ್ಥದ ಹೆಸರು 1970ರ ದಶಕದಿಂದಲೇ ಬಳಕೆಯಲ್ಲಿತ್ತು.

ಪೂರ್ತಿ ನಿರುದ್ಯೋಗಿಯಾದವನ ಪಾಡು ಇನ್ನೂ ವಿಚಿತ್ರ. ಒಂಟಿ ವ್ಯಕ್ತಿ ವಾರದಲ್ಲಿ ಕೆಲವು ಗಂಟೆ ಕೆಲಸ ಹಿಡಿದರೆ ಮೊದಲ 5 ಪೌಂಡ್ ಅವನದು, ಅದರ ಮೇಲಿನದೆಲ್ಲ ಭತ್ಯೆಯಲ್ಲಿ ಕಡಿತ. ವಾರಕ್ಕೆ 16 ಗಂಟೆ ದಾಟಿದರೆ ಆ ಭತ್ಯೆಯೇ ನಿಂತು ಇನ್ನೊಂದು ಇಲಾಖೆಗೆ ಹೊಸ ಅರ್ಜಿ ಹಾಕಬೇಕು. ಆ ಕೆಲಸ ಒಂದು ತಿಂಗಳಲ್ಲಿ ಕೈಬಿಟ್ಟರೆ ಮತ್ತೆ ಹಳೆಯ ಕಚೇರಿಯ ಬಾಗಿಲು. ಹೀಗಿರುವಾಗ ತಾತ್ಕಾಲಿಕ ಕೆಲಸ ಹಿಡಿಯದವನನ್ನು ಸೋಮಾರಿ ಎನ್ನುವುದಕ್ಕಿಂತ ಲೆಕ್ಕ ಬಲ್ಲವನು ಎನ್ನುವುದೇ ಸರಿ.

ಕನ್ಸರ್ವೇಟಿವ್ ಪಕ್ಷದ ಇಯಾನ್ ಡಂಕನ್ ಸ್ಮಿತ್ ಅವರು ಸ್ಥಾಪಿಸಿದ್ದ ಚಿಂತನ ಸಂಸ್ಥೆಯೊಂದು 2009ರ ತನ್ನ ವರದಿಯಲ್ಲಿ ಈ ತೊಡಕನ್ನು ಬಿಡಿಸಿಟ್ಟು, ಎಲ್ಲವನ್ನೂ ಕೂಡಿಸಿ ಒಂದೇ ಕಡಿತದ ದರವನ್ನು ಇಡಬೇಕೆಂದೂ ಅದು ಶೇ. 55 ಇರಬೇಕೆಂದೂ ಹೇಳಿತು. 2010ರಲ್ಲಿ ಸ್ಮಿತ್ ಅವರೇ ನೆರವಿನ ಇಲಾಖೆಯ ಸಚಿವರಾದರು. ಹಣಕಾಸು ಇಲಾಖೆಯೊಡನೆ ಹಗ್ಗಜಗ್ಗಾಟ ನಡೆದು ದರ ಶೇ. 65 ಎಂದು ನಿಂತಿತು. ಅದು 2017ರಲ್ಲಿ ಶೇ. 63ಕ್ಕೆ ಇಳಿದು, ಕೊನೆಗೆ 2021ರ ನವೆಂಬರ್‌ನಲ್ಲಿ ಶೇ. 55ಕ್ಕೆ ಬಂತು. ಹನ್ನೆರಡು ವರ್ಷ ಸುತ್ತಿ ಮೊದಲ ಸಲಹೆಗೇ ಮರಳಿದ ಹಾಗಾಯಿತು.

ಈಗ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು 2025-26ರ ದರಗಳಲ್ಲಿ ನೋಡಬಹುದು. ಇಪ್ಪತ್ತೈದು ದಾಟಿದ, ಒಬ್ಬಳೇ ಮಗುವನ್ನು ಸಾಕುತ್ತಿರುವ, ತಿಂಗಳಿಗೆ 600 ಪೌಂಡ್ ಬಾಡಿಗೆ ಕೊಡುವ ತಾಯಿಗೆ ಮೂಲ ಭತ್ಯೆ 400.14 ಪೌಂಡ್, ಮಗುವಿನ ಪಾಲು 292.81 ಪೌಂಡ್, ಬಾಡಿಗೆ 600 ಪೌಂಡ್, ಒಟ್ಟು 1,292.95 ಪೌಂಡ್. ಇದು ಆಕೆಗೆ ಸಿಗಬಹುದಾದ ಗರಿಷ್ಠ ಮೊತ್ತ. ಆಕೆ ಕೆಲಸಕ್ಕೆ ಹೋಗಿ ತೆರಿಗೆ ಕಳೆದು 1,000 ಪೌಂಡ್ ಮನೆಗೆ ತಂದರೆ, ಮೊದಲ 411 ಪೌಂಡನ್ನು ಸರ್ಕಾರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಉಳಿದ 589 ಪೌಂಡ್‌ನ ಶೇ. 55, ಅಂದರೆ 323.95 ಪೌಂಡ್, ಗರಿಷ್ಠ ಮೊತ್ತದಿಂದ ಕಳೆಯುತ್ತದೆ. ನೆರವು 969 ಪೌಂಡ್, ಸಂಬಳ ಸೇರಿ ಕೈಗೆ ಬರುವುದು 1,969 ಪೌಂಡ್. ಮುಂದಿನ ತಿಂಗಳು ಇನ್ನು 100 ಪೌಂಡ್ ಹೆಚ್ಚು ತಂದರೆ ಅದರಲ್ಲಿ 45 ಪೌಂಡ್ ಅವಳದೇ. ಅದಕ್ಕಾಗಿ ಇನ್ನೊಂದು ಕಚೇರಿಗೆ ಅಲೆಯಬೇಕಿಲ್ಲ, ಹೊಸ ಅರ್ಜಿ ಬೇಡ, ವಾರಕ್ಕೆ ಇಷ್ಟು ಗಂಟೆ ಎಂಬ ಗೆರೆಯೂ ಇಲ್ಲ. ಹಳೆಯ ವ್ಯವಸ್ಥೆ ಎತ್ತರೆತ್ತರದ ಮೆಟ್ಟಿಲುಗಳಂತಿದ್ದರೆ ಇದು ಒಂದೇ ಸಮನಾದ ಇಳಿಜಾರು. ಆದಾಯ ತೆರಿಗೆ ಕಟ್ಟುವಷ್ಟು ಸಂಬಳವಿರುವವರಿಗೆ ತೆರಿಗೆ ಮತ್ತು ವಂತಿಗೆಗಳನ್ನು ಸೇರಿಸಿದರೆ ಒಂದು ಪೌಂಡಿನಲ್ಲಿ ಉಳಿಯುವುದು ಸುಮಾರು 32 ಪೆನ್ಸ್ ಮಾತ್ರ ಎಂಬುದು ನಿಜ, ಆದರೂ ನಾಲ್ಕೂವರೆ ಪೆನ್ಸ್‌ನಿಂದ ಇಲ್ಲಿಗೆ ಬಂದದ್ದು ಸಣ್ಣ ಸಾಧನೆಯಲ್ಲ.

ಈ ಲೆಕ್ಕ ತಾನಾಗಿಯೇ ನಡೆಯುವಂತೆ ಮಾಡಿದ್ದು ತೆರೆಮರೆಯ ಇನ್ನೊಂದು ಬದಲಾವಣೆ. 2013ರ ಏಪ್ರಿಲ್‌ನಿಂದ ಬ್ರಿಟನ್ನಿನ ಉದ್ಯೋಗದಾತರು ಪ್ರತಿ ಬಾರಿ ಸಂಬಳ ಕೊಟ್ಟಾಗಲೂ ಆ ವಿವರವನ್ನು ಆಗಿಂದಾಗಲೇ ತೆರಿಗೆ ಇಲಾಖೆಗೆ ಕಳಿಸಬೇಕು, ಅಲ್ಲಿಂದ ಅದು ನೆರವಿನ ಇಲಾಖೆಯ ಕಂಪ್ಯೂಟರಿಗೆ ಬರುತ್ತದೆ. ಹಿಂದಿನ ತೆರಿಗೆ ಕ್ರೆಡಿಟ್‌ಗಳಲ್ಲಿ ವರ್ಷದ ಆದಾಯವನ್ನು ಅಂದಾಜು ಮಾಡಿ ಕೊಟ್ಟು, ವರ್ಷದ ಕೊನೆಗೆ ಹೆಚ್ಚಾದದ್ದನ್ನು ವಾಪಸ್ ಕೇಳುತ್ತಿದ್ದರು. ಖರ್ಚಾಗಿ ಹೋದ ಹಣಕ್ಕೆ ಸಾಲದ ನೋಟಿಸ್ ಬಂದು ಕಂಗಾಲಾದ ಕುಟುಂಬಗಳು ಲಕ್ಷಗಟ್ಟಲೆ. ಆ ಪೀಡೆ ತಪ್ಪಬೇಕೆಂದೇ ತಿಂಗಳ ಲೆಕ್ಕ ತಂದರು. ದಿನಾಂಕದ ತೊಡಕು ಶುರುವಾದದ್ದೂ ಇಲ್ಲಿಂದಲೇ.

ಅರ್ಜಿ ಹಾಕಿದ ದಿನದಿಂದ ಒಂದು ತಿಂಗಳ ಕಾಲ ಆದಾಯವನ್ನು ಗಮನಿಸಿ, ಅದು ಮುಗಿದ ಮೇಲೆ ಲೆಕ್ಕ ಕಟ್ಟಿ, ಸುಮಾರು ಒಂದು ವಾರದ ನಂತರ ಹಣ ಹಾಕುವುದು ಯೂನಿವರ್ಸಲ್ ಕ್ರೆಡಿಟ್‌ನ ಕ್ರಮ. 2015ರಿಂದ ಇದಕ್ಕೆ ಏಳು ದಿನಗಳ ಕಾಯುವ ಅವಧಿಯೂ ಸೇರಿ ಮೊದಲ ಕಂತು ಬರಲು ಆರು ವಾರ ಹಿಡಿಯುತ್ತಿತ್ತು. 2018ರಲ್ಲಿ ಆ ಏಳು ದಿನಗಳನ್ನು ತೆಗೆದುದರಿಂದ ಅದು ಐದು ವಾರವಾಯಿತು. ಕೆಲಸ ಮಾಡುವವರಿಗೆ ಸಂಬಳ ತಿಂಗಳಿಗೊಮ್ಮೆ ಬರುವ ಹಾಗೆ ನೆರವೂ ತಿಂಗಳಿಗೊಮ್ಮೆ ಬಂದರೆ ಜನ ದುಡಿಮೆಯ ಬದುಕಿಗೆ ಒಗ್ಗಿಕೊಳ್ಳುತ್ತಾರೆ ಎಂಬುದು ಸರ್ಕಾರದ ಸಮರ್ಥನೆಯಾಗಿತ್ತು. ಇದನ್ನು ಬರೆದವರು ತಿಂಗಳ ಸಂಬಳದವರೇ ಇದ್ದಿರಬೇಕು. ಕೆಲಸ ಕಳೆದುಕೊಂಡು ಈ ನೆರವಿಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದಿನ ಕೆಲಸದಲ್ಲಿ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಸಂಬಳ ಪಡೆಯುತ್ತಿದ್ದವರು ಎಂದು ರೆಸಲ್ಯೂಷನ್ ಫೌಂಡೇಷನ್ ಎಂಬ ಸಂಶೋಧನಾ ಸಂಸ್ಥೆ 2017ರಲ್ಲಿ ತೋರಿಸಿಕೊಟ್ಟಿತು. ವಾರದ ಕೂಲಿಯವನ ಬಳಿ ಐದು ವಾರಗಳ ದಿನಸಿಗೆ, ಬಾಡಿಗೆಗೆ, ಮೀಟರಿಗೆ ಹಣ ಎಲ್ಲಿಂದ ಬರಬೇಕು? ಹಾಗೆ ಬರುವುದಿದ್ದರೆ ಅವನು ಅರ್ಜಿಯನ್ನೇ ಹಾಕುತ್ತಿರಲಿಲ್ಲ.

ಸರ್ಕಾರ ಇದಕ್ಕೆ ಕೊಟ್ಟ ಪರಿಹಾರ ಮುಂಗಡ. ಕೇಳಿದರೆ ಮೊದಲ ತಿಂಗಳ ಮೊತ್ತವನ್ನು ತಕ್ಷಣ ಕೊಡುತ್ತಾರೆ, ಆದರೆ ಅದು ಸಾಲ. ಮುಂದಿನ ಕಂತುಗಳಲ್ಲಿ ಅದನ್ನು ಮುರಿದುಕೊಳ್ಳುತ್ತಾರೆ. ಹಳೆಯ ತೆರಿಗೆ ಕ್ರೆಡಿಟ್‌ನ ಬಾಕಿ, ಬಾಡಿಗೆಯ ಬಾಕಿ, ಕರೆಂಟ್ ಬಾಕಿಗಳನ್ನೂ ಇದೇ ಕಂತಿನಿಂದ ಕಳೆಯಬಹುದಾದ್ದರಿಂದ ಒಂದು ಕಾಲದಲ್ಲಿ ಮೂಲ ಭತ್ಯೆಯ ಶೇ. 40ರವರೆಗೂ ಕಡಿತವಾಗುತ್ತಿತ್ತು. ಈ ಮಿತಿ 2019ರಲ್ಲಿ ಶೇ. 30ಕ್ಕೆ, 2021ರಲ್ಲಿ ಶೇ. 25ಕ್ಕೆ, 2025ರ ಏಪ್ರಿಲ್‌ನಲ್ಲಿ ಶೇ. 15ಕ್ಕೆ ಇಳಿದಿದೆ. ಹೆಜ್ಜೆಹೆಜ್ಜೆಗೂ ಸಡಿಲಿಸುತ್ತ ಬಂದದ್ದನ್ನು ನೋಡಿದರೆ ಮೊದಲ ವಿನ್ಯಾಸ ಎಷ್ಟು ಬಿಗಿಯಾಗಿತ್ತು ಎಂದು ಊಹಿಸಬಹುದು. ಬಾಡಿಗೆಯ ಹಣವನ್ನು ನೇರ ಮನೆ ಮಾಲೀಕರಿಗೆ ಕೊಡುವ ಬದಲು ಬಾಡಿಗೆದಾರರ ಕೈಗೇ ಕೊಡುವ ಪದ್ಧತಿಯೂ ಇದರ ಜೊತೆಗೇ ಬಂದದ್ದರಿಂದ, ಸ್ಥಳೀಯ ಸಂಸ್ಥೆಗಳ ಮನೆಗಳಲ್ಲಿ ಬಾಡಿಗೆ ಬಾಕಿ ಬೆಳೆಯಿತು. ಹೊಸ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದ ಊರುಗಳಲ್ಲಿ ಉಚಿತ ಆಹಾರ ಕೇಂದ್ರಗಳಿಗೆ ಬರುವವರು ಹೆಚ್ಚಾದರೆಂದು ಅಂಥ ಕೇಂದ್ರಗಳ ಜಾಲ ನಡೆಸುವ ಟ್ರಸೆಲ್ ಟ್ರಸ್ಟ್ ದಾಖಲಿಸಿತು.

ದಿನಾಂಕದ ತೊಡಕಿನ ಸೂಕ್ಷ್ಮ ರೂಪವೊಂದು ನ್ಯಾಯಾಲಯದಲ್ಲಿ ಬಯಲಾಯಿತು. ನಾಲ್ವರು ಒಂಟಿ ತಾಯಂದಿರು, ನಾಲ್ವರೂ ತಿಂಗಳ ಸಂಬಳದವರು. ಅವರ ಸಂಬಳದ ದಿನವೂ ಯೂನಿವರ್ಸಲ್ ಕ್ರೆಡಿಟ್‌ನ ತಿಂಗಳು ಮುಗಿಯುವ ದಿನವೂ ಹತ್ತಿರ ಹತ್ತಿರ ಬರುತ್ತಿದ್ದವು. ತಿಂಗಳ ಕೊನೆಯ ದಿನ ಶನಿವಾರವೋ ಭಾನುವಾರವೋ ಆಗಿ ಸಂಬಳ ಒಂದೆರಡು ದಿನ ಮೊದಲೇ ಖಾತೆಗೆ ಬಿದ್ದರೆ, ಒಂದೇ ಲೆಕ್ಕದ ತಿಂಗಳಲ್ಲಿ ಎರಡು ಸಂಬಳ ಬಂದಂತೆ ಕಂಪ್ಯೂಟರ್ ಎಣಿಸುತ್ತಿತ್ತು. ಆ ತಿಂಗಳು ನೆರವು ಪಾತಾಳಕ್ಕೆ ಇಳಿಯುವುದು, ಮುಂದಿನ ತಿಂಗಳು ಸಂಬಳವೇ ಇಲ್ಲವೆಂದು ಮೇಲೇರುವುದು. ಎರಡೂ ಸೇರಿದರೆ ಸರಿಹೋಗುತ್ತದಲ್ಲ ಎಂದು ಕೇಳಬಹುದು. ಸರಿಹೋಗುವುದಿಲ್ಲ, ಏಕೆಂದರೆ ಲೆಕ್ಕಕ್ಕೆ ಹಿಡಿಯದೆ ಬಿಡುವ ಮೊತ್ತ ತಿಂಗಳಿಗೆ ಒಂದೇ ಸಲ. ಎರಡು ಸಂಬಳ ಬಂದ ತಿಂಗಳು ಅದು ಒಂದೇ ಸಂಬಳಕ್ಕೆ ಸಿಗುತ್ತದೆ, ಸಂಬಳ ಬಾರದ ತಿಂಗಳು ಅದು ಬಳಕೆಯಾಗದೆ ಹೋಗುತ್ತದೆ. 2025-26ರ ದರದಲ್ಲಿ ಹೇಳುವುದಾದರೆ 411 ಪೌಂಡ್‌ನ ಶೇ. 55, ಅಂದರೆ ಸುಮಾರು 226 ಪೌಂಡ್, ಒಂದು ಭಾನುವಾರದ ದೆಸೆಯಿಂದ ಕೈತಪ್ಪಿತು ಎಂದಾಗುತ್ತದೆ. ಇಂಥ ಫಲಿತಾಂಶ ಯಾವ ವಿವೇಕಕ್ಕೂ ಒಪ್ಪದು ಎಂದು ಮೇಲ್ಮನವಿ ನ್ಯಾಯಾಲಯ 2020ರ ಜೂನ್‌ನಲ್ಲಿ ತೀರ್ಪಿತ್ತಿತು, ಆನಂತರ ನಿಯಮ ಬದಲಾಯಿತು. ಆದರೆ ಅದು ತಿಂಗಳ ಸಂಬಳದವರ ಪ್ರಕರಣ. ನಾಲ್ಕು ವಾರಕ್ಕೊಮ್ಮೆ ಸಂಬಳ ಪಡೆಯುವವರಿಗೆ ವರ್ಷದಲ್ಲಿ ಹದಿಮೂರು ಸಂಬಳ ಬರುವುದರಿಂದ ಯಾವುದಾದರೂ ಒಂದು ತಿಂಗಳು ಎರಡು ಸಂಬಳ ಬಿದ್ದೇ ಬೀಳುತ್ತವೆ, ಮತ್ತು ಆ ತಿಂಗಳ ನೆರವು ಕುಸಿಯುತ್ತದೆ.

ಉತ್ತರ ಐರ್ಲೆಂಡ್ ಈ ಕಷ್ಟವನ್ನು ಮೊದಲೇ ಗ್ರಹಿಸಿ, ತಿಂಗಳ ನೆರವನ್ನು ಎರಡು ಕಂತುಗಳಲ್ಲಿ ಕೊಡುವುದನ್ನೂ ಬಾಡಿಗೆಯನ್ನು ನೇರ ಮಾಲೀಕರಿಗೆ ಪಾವತಿಸುವುದನ್ನೂ ಸಾಮಾನ್ಯ ನಿಯಮವಾಗಿಯೇ ಇಟ್ಟುಕೊಂಡಿತು. ಸ್ಕಾಟ್ಲೆಂಡಿನಲ್ಲಿ ಬೇಕೆಂದು ಕೇಳಿದವರಿಗೆ ಈ ಎರಡೂ ಅನುಕೂಲ ಸಿಗುತ್ತವೆ. ಕಂಪ್ಯೂಟರ್ ಒಂದೇ, ದರಗಳೂ ಅವೇ. ಅಂದ ಮೇಲೆ ಲಂಡನ್ನಿನ ಹಟಕ್ಕೆ ತಾಂತ್ರಿಕ ಕಾರಣವಿರಲಿಲ್ಲ ಎಂದೇ ಹೇಳಬೇಕು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. 2013ರಲ್ಲಿ ಮೊದಲ ಕಂಪ್ಯೂಟರ್ ವ್ಯವಸ್ಥೆಯ ಕೋಟ್ಯಂತರ ಪೌಂಡ್ ಕೆಲಸವನ್ನು ಬಿಸಾಡಿ ಹೊಸದಾಗಿ ಆರಂಭಿಸಬೇಕಾದ ಯೋಜನೆಯಿದು, ಪತ್ರಿಕೆಗಳಲ್ಲಿ ವರ್ಷಗಟ್ಟಲೆ ನಗೆಪಾಟಲಾಗಿತ್ತು. ಆದರೆ 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ದೇಶ ಬಾಗಿಲು ಹಾಕಿದಾಗ ಎರಡು ವಾರಗಳಲ್ಲಿ ಸುಮಾರು ಒಂಬತ್ತೂವರೆ ಲಕ್ಷ ಜನ ಹೊಸದಾಗಿ ಅರ್ಜಿ ಹಾಕಿದರು, ಮತ್ತು ಹೆಚ್ಚಿನವರಿಗೆ ಹಣ ಹೊತ್ತಿಗೆ ಸರಿಯಾಗಿ ತಲುಪಿತು. ಬೇರೆ ಬೇರೆ ಕಚೇರಿಗಳ ಕಾಗದದ ಅರ್ಜಿಗಳಿದ್ದರೆ ಇದು ಆಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಸರ್ಕಾರ ಭತ್ಯೆಯನ್ನು ವಾರಕ್ಕೆ 20 ಪೌಂಡ್ ಏರಿಸಿತು, 2021ರ ಅಕ್ಟೋಬರ್‌ನಲ್ಲಿ ಹಿಂತೆಗೆದುಕೊಂಡಿತು. ಕಡಿತದ ದರವನ್ನು ಶೇ. 55ಕ್ಕೆ ಇಳಿಸಿದ್ದು ಅದರ ಬೆನ್ನಿಗೇ. ಆ 20 ಪೌಂಡ್‌ನ ವಾರ್ಷಿಕ ವೆಚ್ಚ ಸುಮಾರು 600 ಕೋಟಿ ಪೌಂಡ್ ಇದ್ದರೆ, ದರ ಇಳಿಕೆಗೆ ಖರ್ಚಾದದ್ದು ಸುಮಾರು 200 ಕೋಟಿ. ಕೆಲಸ ಮಾಡಲಾಗದವರ ಕೈಯಿಂದ ಹೋದದ್ದರ ಒಂದು ಪಾಲು ಕೆಲಸದಲ್ಲಿರುವವರಿಗೆ ಮರಳಿತು, ಉಳಿದದ್ದು ಖಜಾನೆಗೆ ಸೇರಿತು. ಮೇಲೆ ಹೇಳಿದ ಮೂರು ಗುರಿಗಳ ಹಗ್ಗಜಗ್ಗಾಟ ಇಷ್ಟು ಸ್ಪಷ್ಟವಾಗಿ ಕಾಣುವ ಸಂದರ್ಭ ಬೇರೆ ಸಿಗಲಾರದು.

ಆದಾಯದ ಜೊತೆಗೆ ಉಳಿತಾಯವನ್ನೂ ನೋಡುವುದರಲ್ಲಿ ಇನ್ನೊಂದು ಬಗೆಯ ಬಿಗಿಯಿದೆ. 6,000 ಪೌಂಡ್‌ವರೆಗಿನ ಉಳಿತಾಯಕ್ಕೆ ಬಾಧಕವಿಲ್ಲ. ಅದರ ಮೇಲಿನ ಪ್ರತಿ 250 ಪೌಂಡ್‌ಗೆ ತಿಂಗಳಿಗೆ 4.35 ಪೌಂಡ್ ಆದಾಯ ಬರುತ್ತದೆಂದು ಭಾವಿಸಿ ನೆರವಿನಲ್ಲಿ ಅಷ್ಟನ್ನು ಪೂರ್ತಿ ಕಳೆಯುತ್ತಾರೆ. 16,000 ಪೌಂಡ್ ದಾಟಿದರೆ ನೆರವೇ ಇಲ್ಲ. ತಿಂಗಳಿಗೆ 4.35 ಎಂದರೆ ವರ್ಷಕ್ಕೆ ಶೇ. 20ಕ್ಕೂ ಮೇಲಿನ ಬಡ್ಡಿ. ಅಷ್ಟು ಬಡ್ಡಿ ಕೊಡುವ ಬ್ಯಾಂಕು ಬ್ರಿಟನ್ನಿನಲ್ಲಿ ಇದ್ದಿದ್ದರೆ ನಾವೂ ಅಲ್ಲಿಯೇ ಖಾತೆ ತೆರೆಯಬಹುದಿತ್ತು. ಈ ಮಿತಿಗಳು 2006ರಿಂದ ಕದಲಿಲ್ಲ, ಬೆಲೆಗಳು ಎಲ್ಲಿಗೋ ಹೋಗಿವೆ. ಹೀಗಾಗಿ ಮನೆ ಕೊಳ್ಳಲೆಂದು ನಾಲ್ಕು ಕಾಸು ಕೂಡಿಟ್ಟ ಬಾಡಿಗೆದಾರನಿಗೆ ನೆರವಿಲ್ಲ, ಲಕ್ಷಾಂತರ ಪೌಂಡ್‌ನ ಸ್ವಂತ ಮನೆಯಲ್ಲಿರುವವನ ಮನೆ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಕಡೆ ಇದೇ ಕೆಲಸ ಹೇಗೆ ನಡೆಯುತ್ತದೆ ಎಂದು ಹೋಲಿಸುವುದು ಸಹಜ. ಕರ್ನಾಟಕದಲ್ಲಿ ಬಿಪಿಎಲ್ ಪಡಿತರ ಚೀಟಿಗೆ ವರ್ಷಕ್ಕೆ 1.20 ಲಕ್ಷ ರೂಪಾಯಿ ಆದಾಯದ ಮಿತಿಯಿದೆ, ಸ್ವಂತ ಬಳಕೆಯ ಕಾರು ಇರಬಾರದು ಎಂಬಂಥ ನಿಯಮಗಳಿವೆ. 2023ರಲ್ಲಿ ಬಂದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ, ಆಕೆಯೋ ಗಂಡನೋ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಕೊಡುವುದಿಲ್ಲ. ಕೂಲಿ ಕಾರ್ಮಿಕರ, ಸಣ್ಣ ರೈತರ, ಬೀದಿಬದಿ ವ್ಯಾಪಾರಿಗಳ ತಿಂಗಳ ಆದಾಯವನ್ನು ಯಾವ ಕಂಪ್ಯೂಟರೂ ಬಲ್ಲದಾದ್ದರಿಂದ ನಮ್ಮ ಸರ್ಕಾರಗಳು ಆದಾಯವನ್ನು ಅಳೆಯುವ ಬದಲು ಅದರ ಗುರುತುಗಳನ್ನು ನೋಡುತ್ತವೆ. ನಾಡಕಚೇರಿಯಲ್ಲಿ ಪಡೆದ ಆದಾಯ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ, ಬ್ರಿಟನ್ನಿನಲ್ಲಿ ಆದಾಯದ ಲೆಕ್ಕ ಪ್ರತಿ ತಿಂಗಳೂ ಬದಲಾಗುತ್ತದೆ. ಮಿತಿಯನ್ನು ದಾಟಿದ್ದು ಗೊತ್ತಾದರೆ ಇಲ್ಲಿ ಚೀಟಿಯ ಜೊತೆಗೆ ಅದಕ್ಕೆ ಹೊಂದಿಕೊಂಡ ಎಲ್ಲ ಸೌಲಭ್ಯವೂ ಒಮ್ಮೆಗೇ ಹೋಗುತ್ತವೆ, ಹಂತಹಂತವಾಗಿ ಇಳಿಸುವ ದರ ಎಂಬ ಕಲ್ಪನೆಯೇ ನಮ್ಮಲ್ಲಿಲ್ಲ. ಆದರೆ ಮೊತ್ತ ಚಿಕ್ಕದೂ ನಿಶ್ಚಿತವೂ ಆದ್ದರಿಂದ ಈ ತಿಂಗಳು ಎಷ್ಟು ಬರುತ್ತದೆಂದು ಮನೆಯವರಿಗೆ ಗೊತ್ತಿರುತ್ತದೆ, ಕಂತು ತಡವಾಗುವುದು ಬೇರೆ ಮಾತು. ಇನ್ನು ಕೆಲಸದ ವೀಸಾದ ಮೇಲೆ ಬ್ರಿಟನ್ನಿಗೆ ಹೋಗಿರುವ ಕನ್ನಡಿಗರು ಅಲ್ಲಿ ತೆರಿಗೆಯನ್ನೂ ರಾಷ್ಟ್ರೀಯ ವಿಮೆಯ ವಂತಿಗೆಯನ್ನೂ ಕಟ್ಟುತ್ತಾರೆ, ಆದರೆ ಕಾಯಂ ನೆಲೆಯ ಅನುಮತಿ ಸಿಗುವವರೆಗೆ ಸಾರ್ವಜನಿಕ ನೆರವು ಪಡೆಯುವಂತಿಲ್ಲ ಎಂಬ ಷರತ್ತು ವೀಸಾದಲ್ಲೇ ಇರುವುದರಿಂದ ಯೂನಿವರ್ಸಲ್ ಕ್ರೆಡಿಟ್ ಅವರ ಪಾಲಿಗಿಲ್ಲ.

ಬ್ರಿಟನ್ನಿನ ವ್ಯವಸ್ಥೆ ಈಗ ಮತ್ತೆ ಮರುರಚನೆಯಾಗುತ್ತಿದೆ. 2017ರ ಏಪ್ರಿಲ್ ನಂತರ ಹುಟ್ಟಿದ ಮೂರನೆಯ ಮಗುವಿಗೆ ಹಣವಿಲ್ಲ ಎಂಬ ನಿಯಮವನ್ನು 2026ರ ಏಪ್ರಿಲ್‌ನಿಂದ ತೆಗೆಯುವುದಾಗಿ 2025ರ ನವೆಂಬರ್ ಬಜೆಟ್ ಪ್ರಕಟಿಸಿತು. ಇಂಗ್ಲೆಂಡಿನಲ್ಲಿ ಶಾಲೆಯ ಉಚಿತ ಊಟ ಪಡೆಯಲು ಯೂನಿವರ್ಸಲ್ ಕ್ರೆಡಿಟ್ ಕುಟುಂಬದ ದುಡಿಮೆ ವರ್ಷಕ್ಕೆ 7,400 ಪೌಂಡ್ ಮೀರಬಾರದು ಎಂಬ ಗೆರೆ 2018ರಲ್ಲಿ ಬಂದಿತ್ತು. ಅದನ್ನು 2026ರ ಸೆಪ್ಟೆಂಬರ್‌ನಿಂದ ಅಳಿಸಿ, ನೆರವಿನ ಪಟ್ಟಿಯಲ್ಲಿರುವ ಎಲ್ಲ ಕುಟುಂಬಗಳ ಮಕ್ಕಳಿಗೂ ಊಟ ಕೊಡುವುದೆಂದು ತೀರ್ಮಾನವಾಗಿದೆ. ಎರಡೂ ಸ್ವಾಗತಾರ್ಹ. ಆದರೆ ಹೀಗೆ ಒಂದೊಂದೇ ಸೌಲಭ್ಯವನ್ನು ಯೂನಿವರ್ಸಲ್ ಕ್ರೆಡಿಟ್‌ಗೆ ಗಂಟು ಹಾಕುತ್ತ ಹೋದಂತೆ ಇಳಿಜಾರಿನ ತುದಿಯಲ್ಲಿ ಪ್ರಪಾತವೊಂದು ಬೆಳೆಯುತ್ತದೆ. ಸ್ಕಾಟ್ಲೆಂಡಿನಲ್ಲಿ ಅದು ಆಗಲೇ ಕಾಣುತ್ತಿದೆ. ಯೂನಿವರ್ಸಲ್ ಕ್ರೆಡಿಟ್ ತಿಂಗಳಿಗೆ ಎಷ್ಟೇ ಕಡಿಮೆ ಬರಲಿ, ಬರುತ್ತಿದ್ದರೆ ಸಾಕು, ಅಲ್ಲಿನ ಸರ್ಕಾರ ಹದಿನಾರು ತುಂಬದ ಪ್ರತಿ ಮಗುವಿಗೂ ವಾರಕ್ಕೆ 27.15 ಪೌಂಡ್ ಕೊಡುತ್ತದೆ, ಇದು 2025-26ರ ದರ. ಮೂರು ಮಕ್ಕಳ ಮನೆಗೆ ಇದು ವರ್ಷಕ್ಕೆ 4,200 ಪೌಂಡ್‌ಗೂ ಹೆಚ್ಚು. ಸಂಬಳ ಸ್ವಲ್ಪ ಏರಿ ಯೂನಿವರ್ಸಲ್ ಕ್ರೆಡಿಟ್‌ನ ಕೊನೆಯ ಪೌಂಡ್ ನಿಂತುಹೋದರೆ ಅಷ್ಟೂ ಹಣ ನಿಲ್ಲುತ್ತದೆ. ಸ್ಕಾಟ್ಲೆಂಡ್ ಈ ಹಣಕ್ಕೂ ಒಂದು ಕಡಿತದ ದರ ಇಟ್ಟು ಹಂತಹಂತವಾಗಿ ಇಳಿಸಬೇಕೆಂದರೆ ಕುಟುಂಬಗಳ ಆದಾಯವನ್ನು ತಾನೇ ಅಳೆಯಬೇಕು, ಅಂದರೆ ಇನ್ನೊಂದು ಕಚೇರಿ, ಇನ್ನೊಂದು ಅರ್ಜಿ, ಇನ್ನೊಂದು ದರ.